ಬೆಲೆಯ ಮೇಲೊಂದು ಬೆಲೆ

ಹೊಸ ಕಾರು ಕೊಂಡವರು ಗುರುಮನೆಗೆ ಬರುವುದು ಸಾಮಾನ್ಯವಾಗಿ ಗಾಡಿ ಮನೆಗೆ ಬಂದ ಮೇಲೆ. ಭಾನುವಾರದ ಪೂಜೆ ಮುಗಿಯುವಷ್ಟರಲ್ಲಿ ದೇವಾಲಯದ ಮುಂದೆ ಹಾರ ಹಾಕಿಕೊಂಡ ಗಾಡಿ ನಿಂತಿರುತ್ತದೆ. ಪ್ರಾರ್ಥನೆ ಹೇಳಿ, ಪವಿತ್ರ ಜಲ ಚಿಮುಕಿಸಿ, ಅವರು ಕೊಟ್ಟ ಲಡ್ಡು ತಿಂದರೆ ನಮ್ಮ ಕೆಲಸ ಮುಗಿಯಿತು. ಈಚಿನ ಕೆಲವು ವರ್ಷಗಳಿಂದ ಮಾತ್ರ ಗಾಡಿ ಬರುವ ಮೊದಲೇ ಬಂದು ಕೂರುವವರಿದ್ದಾರೆ. ಅವರ ಪ್ರಶ್ನೆ ಒಂದೇ: "ಫಾದರ್, ಬೆಲೆ ಮೇಲೆ ಇನ್ನೂ ದುಡ್ಡು ಕೇಳ್ತಿದ್ದಾರೆ. ಕೊಡೋದಾ, ಬಿಡೋದಾ?"

ಇದು ಹೆಚ್ಚಾಗಿ ಕೇಳಿಬರುವುದು ಹೈಬ್ರಿಡ್ ಕಾರಿನ ವಿಷಯದಲ್ಲಿ. ಗೊತ್ತಿಲ್ಲದವರಿಗಾಗಿ ಎರಡು ಮಾತು. ಹೈಬ್ರಿಡ್ ಎಂದರೆ ಒಂದೇ ಗಾಡಿಯಲ್ಲಿ ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟರ್ ಎರಡೂ ಇರುವುದು. ಇಲ್ಲಿ ಮಾರಾಟವಾಗುವ ಇಂಥ ಗಾಡಿಗಳನ್ನು ಮನೆಯ ಪ್ಲಗ್ಗಿಗೆ ಸಿಕ್ಕಿಸಿ ಚಾರ್ಜ್ ಮಾಡಬೇಕಾಗಿಲ್ಲ. ಎಂಜಿನ್ ಓಡುವಾಗಲೂ ಬ್ರೇಕ್ ಹಾಕುವಾಗಲೂ ಬ್ಯಾಟರಿ ತಾನೇ ತುಂಬಿಕೊಳ್ಳುತ್ತದೆ. ಧರ್ಮಪುರಿಯಿಂದ ಸೇಲಂ ಕಡೆಗೆ ತೊಪ್ಪೂರು ಘಾಟಿ ಇಳಿಯುವಾಗ ಸಾಮಾನ್ಯ ಕಾರು ಬ್ರೇಕಿನ ಬಿಸಿಯಲ್ಲಿ ಕಳೆದುಬಿಡುವ ಶಕ್ತಿಯ ಒಂದು ಪಾಲನ್ನು ಹೈಬ್ರಿಡ್ ಕಾರು ಬ್ಯಾಟರಿಯಲ್ಲಿ ಉಳಿಸಿಕೊಳ್ಳುತ್ತದೆ. ಇಲ್ಲೊಂದು ಎಚ್ಚರಿಕೆ ಬೇಕು. 'ಮೈಲ್ಡ್ ಹೈಬ್ರಿಡ್' ಎಂಬುದು ಬೇರೆಯೇ ಜಾತಿ. ಅದರಲ್ಲಿ ಚಿಕ್ಕ ಮೋಟರ್ ಎಂಜಿನ್ನಿಗೆ ಸ್ವಲ್ಪ ಕೈಕೊಡುತ್ತದೆಯೇ ಹೊರತು ಗಾಡಿಯನ್ನು ತಾನೇ ಓಡಿಸುವುದಿಲ್ಲ. ಷೋರೂಮಿನಲ್ಲಿ 'ಹೈಬ್ರಿಡ್' ಎಂಬ ಒಂದೇ ಶಬ್ದ ಕೇಳಿ ತಲೆಯಾಡಿಸಬೇಡಿ. 'ಸ್ಟ್ರಾಂಗ್ ಹೈಬ್ರಿಡ್ಡೋ, ಮೈಲ್ಡೋ' ಎಂದು ಕೇಳಿ.

ವಿಚಿತ್ರವೆಂದರೆ, ನಾವು ತಿಂಗಳುಗಟ್ಟಲೆ ಕಾಯುವ ಈ ಗಾಡಿಗಳು ತಯಾರಾಗುವುದು ನಮ್ಮ ಪಕ್ಕದಲ್ಲೇ. ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ ಇರುವುದು ಬೆಂಗಳೂರು–ಮೈಸೂರು ರಸ್ತೆಯ ಬಿಡದಿಯಲ್ಲಿ. ಧರ್ಮಪುರಿಯಿಂದ ಮೂರು ನಾಲ್ಕು ಗಂಟೆಯ ದಾರಿ. 2022ರಲ್ಲಿ ಅಲ್ಲಿಂದಲೇ ಟೊಯೋಟಾ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರಾ ಹೊರಬಂದವು. ಅದೇ ವರ್ಷದ ನವೆಂಬರ್‌ನಲ್ಲಿ ಇನ್ನೋವಾ ಹೈಕ್ರಾಸ್ ಅನ್ನು ತೋರಿಸಿದರು. ಎಂಟು ಜನ ಕೂರುವ ಇನ್ನೋವಾ ನಮ್ಮ ಕುಟುಂಬಗಳಿಗೆ ಹಳೆಯ ಪರಿಚಯ. ವೇಲಾಂಗಣ್ಣಿ ಯಾತ್ರೆಗೆ, ಮದುವೆ ದಿಬ್ಬಣಕ್ಕೆ ಅದೇ ಬೇಕು. ಅದು ಲೀಟರಿಗೆ 23 ಕಿಲೋಮೀಟರ್ ಕೊಡುತ್ತದೆ ಎಂದಾಗ ಜನ ಮುಗಿಬಿದ್ದದ್ದು ಆಶ್ಚರ್ಯವಲ್ಲ. 2023ರ ಏಪ್ರಿಲ್‌ನಲ್ಲಿ ಕಂಪನಿಯೇ ಅದರ ಮೇಲ್ದರ್ಜೆಯ ಹೈಬ್ರಿಡ್ ಮಾದರಿಗಳ ಬುಕಿಂಗ್ ನಿಲ್ಲಿಸಬೇಕಾಯಿತು. 2024ರಲ್ಲಿ ಮತ್ತೆ ತೆರೆದು, ಮತ್ತೆ ಕೆಲವು ತಿಂಗಳು ನಿಲ್ಲಿಸಿತು. ಬೇಡಿಕೆ ಇದೆ, ಗಾಡಿ ಇಲ್ಲ. ಇಂಥ ಹೊತ್ತಿನಲ್ಲೇ ಮಧ್ಯೆ ನಿಂತವರಿಗೆ ಹೊಸ ದಾರಿಗಳು ಹೊಳೆಯುವುದು.

ಇದು ಒಂದು ಕಂಪನಿಯ ಮಾತಲ್ಲ, ಹೈಬ್ರಿಡ್ಡಿನ ಮಾತೂ ಅಲ್ಲ. 2021ರ ಅಕ್ಟೋಬರ್‌ನಲ್ಲಿ ಮಹೀಂದ್ರ ಎಕ್ಸ್‌ಯುವಿ 700ಕ್ಕೆ ಬುಕಿಂಗ್ ತೆರೆದ ಮೊದಲ ದಿನ 57 ನಿಮಿಷಗಳಲ್ಲಿ 25,000 ಗಾಡಿಗಳು ಬುಕ್ ಆದವು. ಆಮೇಲಿನವರಿಗೆ ಕಂಪನಿಯೇ ಬೆಲೆ ಏರಿಸಿತು. ಅದು ಬಹಿರಂಗವಾಗಿ ಏರಿಸಿದ ಬೆಲೆ, ಇಷ್ಟವಿದ್ದವರು ಕೊಟ್ಟರು. ನಾನು ಹೇಳಹೊರಟಿರುವುದು ಬಹಿರಂಗವಾಗದ ಬೆಲೆಯ ವಿಷಯ.

ನಮ್ಮ ಹಿರಿಯರಿಗೆ ಇದು ಹೊಸದೇನಲ್ಲ. ಬಜಾಜ್ ಸ್ಕೂಟರಿಗೆ ವರ್ಷಗಟ್ಟಲೆ ಕಾದ ಕಾಲ ಅವರದು. ಮಗಳು ಹೈಸ್ಕೂಲಿಗೆ ಸೇರಿದಾಗಲೇ ಅಳಿಯನಿಗೆಂದು ಸ್ಕೂಟರ್ ಬುಕ್ ಮಾಡಿದವರ ಕಥೆಗಳನ್ನು ನೀವೂ ಕೇಳಿರುತ್ತೀರಿ. ಹಂಚಿಕೆಗೆ ಸರ್ಕಾರದ ನಿಯಂತ್ರಣ ಆದೇಶಗಳೇ ಇದ್ದವು. ಸರದಿ ಬಂದವನು ಆ ಕಾಗದವನ್ನೇ ಹೆಚ್ಚಿನ ಹಣಕ್ಕೆ ಇನ್ನೊಬ್ಬನಿಗೆ ದಾಟಿಸುತ್ತಿದ್ದ. 1980ರಲ್ಲಿ ಹೊಸೂರಿನಿಂದ ಟಿ.ವಿ.ಎಸ್. 50 ಹೊರಟಾಗ ಅಷ್ಟು ದಿನ ಕಾಯಲಾರದ ಎಷ್ಟೋ ಮನೆಗಳಿಗೆ ಅದೇ ಮೊದಲ ಗಾಡಿಯಾಯಿತು (ಹೊಸೂರು ಆಗ ಧರ್ಮಪುರಿ ಜಿಲ್ಲೆಯಲ್ಲೇ ಇತ್ತು, ಕೃಷ್ಣಗಿರಿ ಜಿಲ್ಲೆಯಾದದ್ದು 2004ರಲ್ಲಿ). 1983ರಲ್ಲಿ ಮಾರುತಿ ಕಾರಿಗೆ ತಲಾ 10,000 ರೂಪಾಯಿ ಕಟ್ಟಿ ಸುಮಾರು 1.35 ಲಕ್ಷ ಜನ ಹೆಸರು ಬರೆಸಿದರು. ಮೊದಲ ಕಾರಿನ ಕೀಲಿಕೈ ಕೊಟ್ಟದ್ದು ಆ ವರ್ಷದ ಡಿಸೆಂಬರ್ 14ರಂದು. ಹೀಗೆ ಬಂದ ಕಾರುಗಳೂ ಬೆಲೆಗಿಂತ ಹೆಚ್ಚಿಗೆ ಕೈ ಬದಲಾಯಿಸಿದವು. ಆಗ ಅದನ್ನು ಜನ ನೇರವಾಗಿ 'ಬ್ಲ್ಯಾಕ್' ಎನ್ನುತ್ತಿದ್ದರು. ಈಗ 'ಪ್ರೀಮಿಯಂ' ಎನ್ನುತ್ತಾರೆ. ವಿಮೆಯ ಪ್ರೀಮಿಯಂಗೆ ರಸೀದಿ ಉಂಟು, ಈ ಪ್ರೀಮಿಯಂಗೆ ಇಲ್ಲ.

ಅಮೆರಿಕದಲ್ಲಿರುವ ನಮ್ಮ ಮಕ್ಕಳಿಗೂ ಈ ಕಾಟ ತಪ್ಪಿಲ್ಲ. ಅಲ್ಲಿ 1958ರ ಕಾನೂನಿನಂತೆ ಪ್ರತಿ ಹೊಸ ಕಾರಿನ ಗಾಜಿಗೂ ಕಂಪನಿಯ ಬೆಲೆಯ ಚೀಟಿ ಅಂಟಿಸಿರಬೇಕು. ಆದರೆ ಆ ಬೆಲೆ ಬರೀ ಸಲಹೆ. ಡೀಲರ್ ಅದಕ್ಕಿಂತ ಹೆಚ್ಚು ಕೇಳಬಹುದು. 2021ರಲ್ಲಿ ಚಿಪ್ ಕೊರತೆಯಿಂದ ಗಾಡಿಗಳು ಸಿಗದಾದಾಗ ಟೊಯೋಟಾದ ಹೈಬ್ರಿಡ್‌ಗಳಿಗೆ ಅಲ್ಲಿನ ಡೀಲರುಗಳು ಸಾವಿರಾರು ಡಾಲರ್ ಮೇಲೆ ಕೇಳಿದರು. ಒಂದು ವ್ಯತ್ಯಾಸವನ್ನು ಗಮನಿಸಿ. ಅಲ್ಲಿ ಆ ಮೇಲಿನ ಹಣವನ್ನು ಇನ್ನೊಂದು ಚೀಟಿಯಲ್ಲಿ ಬರೆದು ಪಕ್ಕದಲ್ಲೇ ಅಂಟಿಸುವುದುಂಟು. ಒಪ್ಪಿದರೆ ಅದು ಬಿಲ್ಲಿನಲ್ಲೇ ಬರುತ್ತದೆ, ಒಪ್ಪದಿದ್ದರೆ ಮುಂದಿನ ಊರಿಗೆ ಹೋಗಬಹುದು. ನಮ್ಮಲ್ಲಿ ಕಂಪನಿಯ ಎಕ್ಸ್ ಷೋರೂಂ ಬೆಲೆಯನ್ನು ಯಾರೂ ಬಹಿರಂಗವಾಗಿ ಮೀರುವುದಿಲ್ಲ. ಆದ್ದರಿಂದ ಮೇಲಿನ ದುಡ್ಡು ವೇಷ ಹಾಕಿಕೊಂಡು ಬರುತ್ತದೆ.

ಆ ವೇಷಗಳಲ್ಲಿ ಮೊದಲನೆಯದು ಆಕ್ಸೆಸರೀಸ್. ಸೀಟ್ ಕವರ್, ಮ್ಯಾಟ್, ಕ್ರೋಮ್ ಪಟ್ಟಿ, ಪೇಂಟಿಗೆ ಲೇಪನ ಎಂದು ಎಂಬತ್ತು ಸಾವಿರದ, ಒಂದು ಲಕ್ಷದ ಪಟ್ಟಿ ಕೊಟ್ಟು, "ಇದನ್ನು ತಗೊಂಡವರಿಗೆ ಗಾಡಿ ಬೇಗ" ಎನ್ನುತ್ತಾರೆ. ಎರಡನೆಯದು ವಿಮೆ: ನಮ್ಮಲ್ಲೇ ಮಾಡಿಸಬೇಕು, ನಾವು ಹೇಳಿದ ಮೊತ್ತಕ್ಕೇ ಮಾಡಿಸಬೇಕು. ಮೂರನೆಯದು 'ಹ್ಯಾಂಡ್ಲಿಂಗ್ ಚಾರ್ಜ್'. ಮಾರುವ ಗಾಡಿಯನ್ನು ಮಾರುವವನು ತನ್ನ ಅಂಗಳದಲ್ಲಿ ತೊಳೆದು ನಿಲ್ಲಿಸುವುದಕ್ಕೆ ಕೊಳ್ಳುವವನು ಯಾಕೆ ಬೇರೆ ಕೊಡಬೇಕೋ ನನಗಂತೂ ಅರ್ಥವಾಗಿಲ್ಲ. ಕೊನೆಯದು ವೇಷವೇ ಇಲ್ಲದ್ದು: ಕವರಿನಲ್ಲಿ ನಗದು, ಸೇಲ್ಸ್ ಹುಡುಗನ ಕೈಗೆ. ಅದು ಮಾಲೀಕನಿಗೆ ತಲುಪುತ್ತದೆಯೋ ಇಲ್ಲವೋ ಕೊಟ್ಟವರಿಗೆ ತಿಳಿಯುವುದೇ ಇಲ್ಲ.

ಡೆಂಕಣಿಕೋಟೆ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು, ಈಗ ಧರ್ಮಪುರಿಯಲ್ಲಿ ನೆಲೆಸಿರುವವರು, ಪತ್ನಿಯೊಂದಿಗೆ ಬಂದಿದ್ದರು. ಆಕೆಗೆ ತಿಂಗಳಿಗೆ ಎರಡು ಸಲ ಬೆಂಗಳೂರಿನಲ್ಲಿ ಚಿಕಿತ್ಸೆ. ಹಳೆಯ ಕಾರು ಎರಡು ಸಲ ದಾರಿಯಲ್ಲೇ ಕೈಕೊಟ್ಟಿದೆ. ಪಿಂಚಣಿಗೆ ಮುಂಚೆ ಬಂದ ಹಣವನ್ನು ಕೂಡಿಸಿ ಹೈಬ್ರಿಡ್ ಬುಕ್ ಮಾಡಿದ್ದಾರೆ. ಎಂಟು ತಿಂಗಳು ಕಾಯಬೇಕೆಂದವರು, ಈಗ ಒಂದೂವರೆ ಲಕ್ಷ ಮೇಲೆ ಕೊಟ್ಟರೆ ಹದಿನೈದು ದಿನದಲ್ಲಿ ಕೊಡುತ್ತೇವೆ ಎಂದಿದ್ದಾರೆ. "ನನ್ನ ಬಳೆ ಎರಡು ಅಡ ಇಟ್ರಾಯ್ತು ಬಿಡಿ, ಮೇಷ್ಟ್ರು ಯಾಕೋ ಒಪ್ಪಲ್ಲ ಫಾದರ್," ಎಂದರು ಆಕೆ. ಮಗ ಹೊಸೂರಿನಲ್ಲಿ ಕೆಲಸದಲ್ಲಿದ್ದಾನೆ. "ಅಪ್ಪ, ಅಮ್ಮನಿಗಿಂತ ದುಡ್ಡು ಹೆಚ್ಚಾ?" ಎಂದು ಅವನೂ ಕೇಳಿದ್ದಾನೆ. ಆ ಮಾತು ಮೇಷ್ಟ್ರಿಗೆ ಚುಚ್ಚಿದೆ. ಮಾತು ಈ ಮಟ್ಟಕ್ಕೆ ಬಂದ ಮೇಲೆ ಅದು ಕಾರಿನ ಮಾತಾಗಿ ಉಳಿಯುವುದಿಲ್ಲ. ಹಾಗಾಗಿ ಪೆನ್ನು ಕಾಗದ ತಂದು ಮೇಜಿನ ಮೇಲಿಟ್ಟು ಮೂವರೂ ಕೂತು ಲೆಕ್ಕ ಹಾಕಿದೆವು. ಆ ಲೆಕ್ಕವನ್ನೇ ಇಲ್ಲಿ ಬರೆಯುತ್ತೇನೆ. ಅಂಕಿಗಳನ್ನು ನಿಮಗೆ ತಕ್ಕಂತೆ ಬದಲಾಯಿಸಿಕೊಳ್ಳಿ.

ಹೈಬ್ರಿಡ್ ಕೊಳ್ಳುವುದೇ ಪೆಟ್ರೋಲ್ ಉಳಿಸಲು. ಹೈಕ್ರಾಸ್‌ನ ಸಾಮಾನ್ಯ ಪೆಟ್ರೋಲ್ ಮಾದರಿಗೆ ಪರೀಕ್ಷೆಯಲ್ಲಿ ಬಂದ ಅಂಕಿ ಲೀಟರಿಗೆ 16.13 ಕಿ.ಮೀ., ಹೈಬ್ರಿಡ್‌ಗೆ 23.24. ತಿಂಗಳಿಗೆ 1,000 ಕಿ.ಮೀ. ಓಡಿಸಿದರೆ ಮೊದಲನೆಯದಕ್ಕೆ 62 ಲೀಟರ್, ಎರಡನೆಯದಕ್ಕೆ 43. ಉಳಿತಾಯ 19 ಲೀಟರ್. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೆ ತಿಂಗಳಿಗೆ 1,900, ವರ್ಷಕ್ಕೆ 22,800 ರೂಪಾಯಿ. ಒಂದೂವರೆ ಲಕ್ಷ ಮೇಲೆ ಕೊಟ್ಟರೆ ಅದೊಂದನ್ನೇ ಪೆಟ್ರೋಲಿನಲ್ಲಿ ಮರಳಿ ಪಡೆಯಲು ಆರೂವರೆ ವರ್ಷ ಬೇಕು. ಹೈಬ್ರಿಡ್ ಮಾದರಿಗೆ ಮೊದಲೇ ಕೊಡುವ ಹೆಚ್ಚಿನ ಬೆಲೆ ಈ ಲೆಕ್ಕದ ಹೊರಗಿದೆ. ಅದೂ ಪರೀಕ್ಷೆಯ ಅಂಕಿ. ರಸ್ತೆಯಲ್ಲಿ ಕಡಿಮೆ ಬರುತ್ತದೆ. ಹೈಬ್ರಿಡ್ಡಿನ ಲಾಭ ಹೆಚ್ಚು ಕಾಣುವುದು ನಿಂತು ನಿಂತು ಹೋಗುವ ಪಟ್ಟಣದಲ್ಲಿ. ಹೊಸೂರಿನಿಂದ ಸೇಲಂವರೆಗೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವಾಗ ಆ ಲಾಭ ಅಷ್ಟಿರುವುದಿಲ್ಲ. ನಮ್ಮ ಜಿಲ್ಲೆಗಳವರ ಓಡಾಟ ಹೆಚ್ಚಾಗಿ ಆ ಹೆದ್ದಾರಿಯಲ್ಲೇ.

ಬ್ಯಾಂಕು ಸಾಲ ಕೊಡುವುದು ಬಿಲ್ಲಿಗೆ, ಕವರಿಗಲ್ಲ. ಆದ್ದರಿಂದ ಮೇಲಿನ ದುಡ್ಡು ಬರಬೇಕಾದದ್ದು ಬಳೆಯಿಂದಲೇ. ವರ್ಷಕ್ಕೆ ನೂರಕ್ಕೆ ಹನ್ನೆರಡರಂತೆ ಒಂದೂವರೆ ಲಕ್ಷಕ್ಕೆ ಬಡ್ಡಿ 18,000. ಪೆಟ್ರೋಲಿನಲ್ಲಿ ಉಳಿದ 22,800ರಲ್ಲಿ 18,000 ಅಡವಿನ ಅಂಗಡಿಗೆ ಹೋಯಿತು.

ವಿಮೆಯ ವಿಷಯವನ್ನು ಬಹಳ ಜನ ಯೋಚಿಸುವುದೇ ಇಲ್ಲ. ಗಾಡಿ ಕಳುವಾದರೆ ಅಥವಾ ಪೂರ್ತಿ ಜಖಂ ಆದರೆ ವಿಮಾ ಕಂಪನಿ ಕೊಡುವುದು ಐ.ಡಿ.ವಿ. ಎಂಬ ಮೊತ್ತ. ಅದನ್ನು ನಿರ್ಧರಿಸುವುದು ತಯಾರಕರು ಪ್ರಕಟಿಸಿದ ಬೆಲೆಯಿಂದ ಸವಕಳಿ ಕಳೆದು: ಆರು ತಿಂಗಳೊಳಗೆ ನೂರಕ್ಕೆ 5, ಒಂದು ವರ್ಷದೊಳಗೆ 15, ಎರಡು ವರ್ಷದೊಳಗೆ 20. ನೀವು ಮೇಲೆ ಕೊಟ್ಟ ಒಂದೂವರೆ ಲಕ್ಷ ಆ ಲೆಕ್ಕದಲ್ಲಿ ಮೊದಲ ದಿನದಿಂದಲೇ ಸೊನ್ನೆ.

ಈಗ ಕಾಯುವುದರ ಖರ್ಚು. ಕಾಯುವುದು ಬಿಟ್ಟಿಯಲ್ಲ, ಮಗನ ಮಾತಿನಲ್ಲೂ ಹುರುಳಿದೆ. ಧರ್ಮಪುರಿಯಿಂದ ಬೆಂಗಳೂರಿಗೆ ಹೋಗಿ, ಊರೊಳಗೆ ಸುತ್ತಿ, ಮರಳಿ ಬರಲು ಸುಮಾರು 280 ಕಿ.ಮೀ. ಟ್ಯಾಕ್ಸಿಗೆ ಕಿ.ಮೀ.ಗೆ 14 ರೂಪಾಯಿ, ಡ್ರೈವರ್ ಬತ್ತೆ 500 ಎಂದು ಹಿಡಿದರೆ ಒಂದು ಸಲಕ್ಕೆ 4,420. ತಿಂಗಳಿಗೆ ಎರಡು ಸಲದಂತೆ ಎಂಟು ತಿಂಗಳಿಗೆ ಹದಿನಾರು ಸಲ: 70,720 ರೂಪಾಯಿ. ಅಂದರೆ ಡೀಲರ್ ಕೇಳಿದ ಒಂದೂವರೆ ಲಕ್ಷದ ಅರ್ಧಕ್ಕೂ ಕಡಿಮೆ. ಅದರಲ್ಲಿ ಪೆಟ್ರೋಲೂ ಸೇರಿದೆ, ಸ್ಟೀರಿಂಗ್ ಹಿಡಿಯಲು ಇನ್ನೊಬ್ಬರಿದ್ದಾರೆ, ಅರವತ್ತು ದಾಟಿದ ಮೇಷ್ಟ್ರು ಹಿಂದಿನ ಸೀಟಿನಲ್ಲಿ ಪತ್ನಿಯ ಪಕ್ಕದಲ್ಲಿ ಕೂರಬಹುದು. ಆಕೆ ಕಾಗದವನ್ನು ಎರಡು ಸಲ ಓದಿ, "ಅಷ್ಟೇನಾ?" ಎಂದು ಗಂಡನ ಕಡೆ ನೋಡಿದರು. ಮೇಷ್ಟ್ರು ಆ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡರು, ಮಗನಿಗೆ ತೋರಿಸಲು.

ಎಲ್ಲರ ಲೆಕ್ಕವೂ ಹೀಗೇ ಬರುವುದಿಲ್ಲ. ಗಾಡಿಯಿಂದಲೇ ಊಟ ಸಂಪಾದಿಸುವವನಿಗೆ ಎಂಟು ತಿಂಗಳು ಗಾಡಿಯಿಲ್ಲದೆ ಕೂರುವುದೆಂದರೆ ಎಂಟು ತಿಂಗಳ ಆದಾಯ ಹೋದಂತೆ. ಮನೆಯಲ್ಲಿ ಗಾಲಿಕುರ್ಚಿಯವರಿದ್ದು ಟ್ಯಾಕ್ಸಿ ಒಗ್ಗದಿದ್ದರೆ ಅದೂ ಬೇರೆ. ಬುಕಿಂಗ್ ಫಾರಂನಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿರುತ್ತದೆ: ಗಾಡಿ ಕೊಡುವ ದಿನದ ಬೆಲೆಯೇ ಅನ್ವಯ, ಬುಕ್ ಮಾಡಿದ ದಿನದ್ದಲ್ಲ. ಕಾಯುವಾಗ ಕಂಪನಿ ಬೆಲೆ ಏರಿಸಿದರೆ ಅದು ನಿಮ್ಮ ತಲೆಗೇ. ಆದರೆ ಇದು ಇಳಿಯುವುದೂ ಉಂಟು. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಹೈಬ್ರಿಡ್ ಕಾರಿನ ತೆರಿಗೆ ಸೆಸ್ ಸೇರಿ ಇದ್ದ ನೂರಕ್ಕೆ 43ರಿಂದ 40ಕ್ಕೆ ಇಳಿಯಿತು. ತೆರಿಗೆಗೆ ಮುಂಚಿನ ಬೆಲೆ 20 ಲಕ್ಷವಿದ್ದ ಗಾಡಿಗೆ 60,000 ರೂಪಾಯಿ ಕಡಿಮೆ. ಆಗಸ್ಟಿನಲ್ಲಿ ಮೇಲೆ ದುಡ್ಡು ಕೊಟ್ಟು ಅವಸರದಲ್ಲಿ ತಂದವರು ಎರಡೂ ಕಡೆ ಕಳೆದುಕೊಂಡರು. ಹಿಂದೆ 50 ಇದ್ದ ದೊಡ್ಡ ಎಸ್‌ಯುವಿಗಳ ತೆರಿಗೆಯೂ ಅದೇ ದಿನ 40ಕ್ಕೆ ಬಂದದ್ದರಿಂದ, ಹೈಬ್ರಿಡ್ಡಿಗೆ ಅವುಗಳೆದುರು ಇದ್ದ ತೆರಿಗೆಯ ಅನುಕೂಲ ಈಗಿಲ್ಲ. ಹಳೆಯ ಲೆಕ್ಕ ಹಿಡಿದುಕೊಂಡು ಮಾತಾಡುವ ಸೇಲ್ಸ್‌ನವರಿಗೆ ಇದನ್ನು ನೆನಪಿಸಬಹುದು.

"ಇದು ಲಂಚವೇ, ಫಾದರ್? ಪಾಪವೇ?" ಎಂದೂ ಮೇಷ್ಟ್ರು ಕೇಳಿದ್ದರು. ಸಂತ ತೋಮಾಸ್ ಅಕ್ವಿನಾಸರು ಹದಿಮೂರನೆಯ ಶತಮಾನದಲ್ಲೇ ಈ ಪ್ರಶ್ನೆಯನ್ನು ಬಿಡಿಸಿ ನೋಡಿದ್ದಾರೆ. ವಸ್ತುವನ್ನು ಬಿಟ್ಟುಕೊಡುವುದರಿಂದ ಮಾರುವವನಿಗೆ ನಷ್ಟವಾಗುವುದಾದರೆ ಆ ನಷ್ಟಕ್ಕೆ ತಕ್ಕಷ್ಟು ಹೆಚ್ಚು ಪಡೆಯಬಹುದು. ಕೊಳ್ಳುವವನಿಗೆ ತುಂಬ ಅಗತ್ಯವಿದೆ ಎಂಬ ಒಂದೇ ಕಾರಣಕ್ಕೆ ಹೆಚ್ಚು ಪಡೆಯುವಂತಿಲ್ಲ. ಆ ಅಗತ್ಯ ಮಾರುವವನ ಸ್ವತ್ತಲ್ಲ, ತನ್ನದಲ್ಲದ್ದನ್ನು ಮಾರಲಾಗದು ಎಂಬುದು ಅವರ ವಾದ. 1992ರಲ್ಲಿ ಹೊರಬಂದ ಧರ್ಮಸಭೆಯ ಉಪದೇಶ ಗ್ರಂಥವೂ ಇನ್ನೊಬ್ಬರ ಅಜ್ಞಾನವನ್ನೋ ಕಷ್ಟವನ್ನೋ ಬಳಸಿಕೊಂಡು ಬೆಲೆ ಏರಿಸುವುದನ್ನು ಏಳನೆಯ ಕಟ್ಟಳೆಯ ಕೆಳಗೆ ಸೇರಿಸಿದೆ. ಈ ತಪ್ಪು ಮಾರುವವನದು. ಕೊಳ್ಳುವವನ ಕಡೆಗೆ ಉಳಿಯುವ ಪ್ರಶ್ನೆ ಬೇರೆ: ಹದಿನೈದು ದಿನದಲ್ಲಿ ಬರುವ ಆ ಗಾಡಿ ಯಾರದು? ಕಾರ್ಖಾನೆಯಲ್ಲಿ ನಮಗೆಂದೇ ಇನ್ನೊಂದು ಗಾಡಿ ತಯಾರಾಗುವುದಿಲ್ಲ. ಸರದಿಯಲ್ಲಿ ನಮಗಿಂತ ಮುಂದೆ ನಿಂತ ಯಾರದೋ ಗಾಡಿ ನಮ್ಮ ಮನೆಗೆ ಬರುತ್ತದೆ. ಅವರ ಮನೆಯಲ್ಲೂ ಆಸ್ಪತ್ರೆಯ ಓಡಾಟ ಇದ್ದೀತು. ನಾನು ಮೇಷ್ಟ್ರಿಗೆ ಹೇಳಿದ್ದು ಇಷ್ಟು: ಬಿಲ್ ಕೊಡದ ಹಣವನ್ನು ಕೊಡಬೇಡಿ, ಇನ್ನೊಬ್ಬರ ಸರದಿಯನ್ನು ಕೊಳ್ಳಬೇಡಿ. ಯಾರೋ ಬುಕಿಂಗ್ ರದ್ದು ಮಾಡಿದ ಗಾಡಿ ಇದ್ದರೆ ಮಾತು ಬೇರೆ. ಅದನ್ನು ಸಂತೋಷವಾಗಿ ತೆಗೆದುಕೊಳ್ಳಿ.

ಬೇಗ ಸಿಗಲು ನೇರ ದಾರಿಗಳೂ ಇವೆ. 'ಬಣ್ಣ ಯಾವುದಾದರೂ ಸರಿ' ಎಂದು ಬರೆದುಕೊಡಿ. ರದ್ದಾದ ಗಾಡಿಗಳು ಅಂಥವರಿಗೇ ಮೊದಲು ಬರುತ್ತವೆ. ಮೇಲ್ದರ್ಜೆಯ ಮಾದರಿ ಬಿಟ್ಟು ಒಂದು ಮೆಟ್ಟಿಲು ಕೆಳಗಿನದನ್ನು ಕೇಳಿನೋಡಿ. ಸೇಲಂ, ಹೊಸೂರು, ಈರೋಡಿನಲ್ಲೂ ವಿಚಾರಿಸಿ. ವಿಚಾರಿಸುವುದು ಬೇರೆ, ನಾಲ್ಕು ಕಡೆ ಬುಕ್ ಮಾಡುವುದು ಬೇರೆ. ಸರದಿ ಇಷ್ಟು ಉದ್ದವಾಗಿ ಕಾಣುವುದರಲ್ಲಿ ನಾಲ್ಕು ಕಡೆ ಹೆಸರು ಬರೆಸಿದ ನಮ್ಮಂಥವರ ಪಾಲೂ ಇದೆ. ಬೆಂಗಳೂರಿನ ನೆಂಟರ ವಿಳಾಸದಲ್ಲಿ ಕರ್ನಾಟಕದ ನಂಬರ್ ಹಾಕಿಸಿ ತರುವ ಉಪಾಯ ಬೇಡ; ಹನ್ನೆರಡು ತಿಂಗಳು ಮೀರಿ ಇಲ್ಲೇ ಇಟ್ಟುಕೊಂಡರೆ ಇಲ್ಲಿ ಮತ್ತೆ ನೋಂದಣಿಯಾಗಬೇಕು, ತೆರಿಗೆಯೂ ಕಟ್ಟಬೇಕು.

ಕೊಟೇಷನ್ ಕೇಳುವಾಗ ಒಟ್ಟು ಮೊತ್ತಕ್ಕೆ ತೃಪ್ತರಾಗದೆ ಒಂದೊಂದು ಬಾಬತ್ತನ್ನೂ ಬಿಡಿಸಿ ಬರೆಸಿಕೊಳ್ಳಿ. ತಮಿಳುನಾಡಿನಲ್ಲಿ 2023ರ ನವೆಂಬರ್‌ನ ಪರಿಷ್ಕರಣೆಯಂತೆ 10ರಿಂದ 20 ಲಕ್ಷದ ಕಾರಿಗೆ ರಸ್ತೆ ತೆರಿಗೆ ನೂರಕ್ಕೆ 18, ಅದಕ್ಕೆ ಮೇಲ್ಪಟ್ಟರೆ 20. ಅಂದರೆ 25 ಲಕ್ಷದ ಗಾಡಿಗೆ 5 ಲಕ್ಷ ತೆರಿಗೆಯೇ ಆಯಿತು. ಅದು ಸರ್ಕಾರದ್ದು, ಡೀಲರನ್ನು ಬೈಯಬೇಡಿ. 10 ಲಕ್ಷಕ್ಕೆ ಮೇಲ್ಪಟ್ಟ ಕಾರಿಗೆ ನೂರಕ್ಕೆ ಒಂದರಂತೆ ಟಿ.ಸಿ.ಎಸ್. ಹಿಡಿಯುತ್ತಾರೆ. ಅದು ನಿಮ್ಮ ಪ್ಯಾನ್ ಲೆಕ್ಕಕ್ಕೆ ಸೇರುತ್ತದೆ, ಆದಾಯ ತೆರಿಗೆ ರಿಟರ್ನ್ ಹಾಕಿ ಹೊಂದಿಸಿಕೊಳ್ಳಬಹುದು, ಮರಳಿಯೂ ಪಡೆಯಬಹುದು. ವಿಮೆಯನ್ನು ಇಂಥಲ್ಲೇ ಮಾಡಿಸಬೇಕೆಂದು ಡೀಲರ್ ಒತ್ತಾಯಿಸುವಂತಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ 2017ರ ಮಾರ್ಗಸೂಚಿ ಇದೆ. ಒಂದು ವಸ್ತು ಬೇಕಾದರೆ ಇನ್ನೊಂದನ್ನು ಕೊಳ್ಳಲೇಬೇಕು ಎನ್ನುವುದನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆ ನಿರ್ಬಂಧಕ ವ್ಯಾಪಾರ ಪದ್ಧತಿ ಎಂದೇ ಹೆಸರಿಸಿದೆ. ಎರಡು ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2017ರಿಂದ ನಿಷೇಧಿಸಿದೆ. ಕವರಿನ ಮೊತ್ತ ಎಷ್ಟೋ ಸಲ ಒಂದೂವರೆ, ಒಂದು ಮುಕ್ಕಾಲಿಗೇ ನಿಲ್ಲುವುದಕ್ಕೆ ಅದೂ ಒಂದು ಕಾರಣವಿದ್ದೀತು.

"ಈ ಮೇಲಿನ ಹಣವನ್ನು ಚೆಕ್ಕಿನಲ್ಲಿ ಕೊಡುತ್ತೇನೆ, ಯಾವುದಕ್ಕೆಂದು ರಸೀದಿಯಲ್ಲಿ ಬರೆದುಕೊಡಿ," ಎಂದು ಮೆಲ್ಲಗೆ ಕೇಳಿ. ಜಗಳ ಬೇಕಿಲ್ಲ. ಹಾಗೂ ಬಿಡದಿದ್ದರೆ ಮೊದಲು ಕಾರು ಕಂಪನಿಯ ಗ್ರಾಹಕ ಸೇವೆಗೆ ಬರೆಯಿರಿ, ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿಗೂ ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 50 ಲಕ್ಷದವರೆಗೆ ಹಣ ಕೊಟ್ಟು ಕೊಂಡ ಸರಕಿನ ದೂರು ಅಲ್ಲೇ. ವಕೀಲರಿಲ್ಲದೆ ನೀವೇ ಕೊಡಬಹುದು. ದೂರು ಕೊಡಲು ಎರಡು ವರ್ಷ ಅವಕಾಶವಿರುವುದರಿಂದ ಬುಕಿಂಗ್ ಫಾರಂ, ಕೊಟೇಷನ್, ಫೋನಿಗೆ ಬಂದ ಸಂದೇಶಗಳನ್ನು ಅಲ್ಲಿಯವರೆಗೆ ಎಸೆಯದೆ ಗಾಡಿಯ ಆರ್.ಸಿ. ಜೊತೆಯಲ್ಲೇ ಇಟ್ಟಿರಿ.